ಊರೊಲೆ ತಣ್ಣಗಾದ ವರ್ಷ

ನಮ್ಮೂರಲ್ಲಿ ಬೆಂಕಿ ಹತ್ತುವುದಿಲ್ಲ. ಹೊರಗಿನವರು ತಂದ ಬೆಂಕಿಪೊಟ್ಟಣವನ್ನು ಎಷ್ಟು ಗೀರಿದರೂ ಕಡ್ಡಿಯ ತಲೆ ಸವೆಯುತ್ತದೆಯೇ ಹೊರತು ಕಿಡಿ ಬರುವುದಿಲ್ಲ. ಅದು ಹಾಗೇ ಅಂತ ನಾವು ಒಗ್ಗಿಕೊಂಡಿದ್ದೆವು. ಮದುವೆಯಲ್ಲಿ ಗಂಡುಹೆಣ್ಣು ಬಿಸಿನೀರಿನ ಹಂಡೆಗೆ ಸುತ್ತು ಬರುತ್ತಾರೆ. ಸತ್ತವರು ಮಣ್ಣಿಗೆ ಹೋಗುತ್ತಾರೆ. ಬೇರೆ ಊರುಗಳಲ್ಲಿ ಹಿರಿಯರು ‘ಹೊಟ್ಟೆ ತಣ್ಣಗಿರಲಿ’ ಅಂತ ಹರಸುತ್ತಾರಂತೆ. ನಮ್ಮಲ್ಲಿ ಯಾರಾದರೂ ಹಾಗಂದರೆ ಜಗಳವೇ ಆಗಿಹೋಗುತ್ತದೆ.

ನಮ್ಮನ್ನು ಸಾಕಿದ್ದು ಊರೊಲೆ. ಒಲೆ ಅಂದರೆ ಒಲೆಯಲ್ಲ, ಊರಿನ ನಡುವೆ ನೆಲ ಬಿರಿದು ಆದ ಉದ್ದನೆಯ ಸೀಳು. ಅದರ ಗೋಡೆಗಳು ಯಾವಾಗಲೂ ಕಾದಿರುತ್ತಿದ್ದವು. ಆ ಗೋಡೆಗೆ ನಾವು ಬಿಲ್ಲೆಗಳನ್ನು ಅಂಟಿಸುತ್ತಿದ್ದೆವು. ಎರಡು ತೆಳು ಹಂಚುಗಳ ನಡುವೆ ಎರಡು ಜಾತಿಯ ಕಪ್ಪು ಹರಳಿನ ಚೂರುಗಳನ್ನು ಜೋಡಿಜೋಡಿಯಾಗಿ ನಿಲ್ಲಿಸಿ ಬೆಸೆದರೆ ಒಂದು ಬಿಲ್ಲೆ. ಅದರ ಒಂದು ಮುಖ ಬಿಸಿ ಗೋಡೆಗೆ, ಇನ್ನೊಂದು ಮುಖ ಕೆರೆಯ ತಣ್ಣೀರು ಹರಿಯುವ ಕಾಲುವೆಗೆ. ಬಿಸಿಗೂ ತಂಪಿಗೂ ನಡುವಿನ ಅಂತರವೇ ತಂತಿಯಲ್ಲಿ ಕರೆಂಟಾಗಿ ಹರಿಯುತ್ತದೆ. ಊರಿನ ದೀಪ, ಗಂಜಿಮನೆ, ಬಾಣಂತಿಯರ ಬೆಚ್ಚನೆಯ ಕೋಣೆ ಎಲ್ಲ ಅದರಿಂದಲೇ. ನನ್ನ ಗಂಡ ಧರಣಪ್ಪ ಬಿಲ್ಲೆ ಕಟ್ಟುವವರು. ಹರಳಿನ ಕಾಲುಗಳನ್ನು ಗಿಡ್ಡ ಮಾಡಿ, ಹಂಚನ್ನು ತೆಳುವಾಗಿ ತೇಯ್ದು, ಅವರ ತಂದೆಯ ಕಾಲದ ಬಿಲ್ಲೆಗಿಂತ ಎರಡರಷ್ಟು ಕೊಡುವ ಬಿಲ್ಲೆ ಮಾಡಿದ್ದರು. ಅದನ್ನು ಹಚ್ಚಿದ ದಿನ ಊರಿನ ಹೆಂಗಸರು ಅವರಿಗೆ ಆರತಿ ಎತ್ತಲು ಬಂದು, ಆರತಿಗೆ ದೀಪವಿಲ್ಲದೆ ನಕ್ಕು, ಬರೀ ಅರಿಶಿನದ ನೀರು ನಿವಾಳಿಸಿ ಹೋಗಿದ್ದರು.

ನನ್ನ ಕೆಲಸ ಬೇರೆ. ಊರಿನ ಮೂರು ಕಡೆ ಉಪ್ಪುಬಯಲು. ಹಗಲಲ್ಲಿ ಅದು ಕಣ್ಣಿಗೆ ಹೊಡೆಯುವ ಬಿಳುಪು. ಗುರುತಿಗೆ ಒಂದು ಮರವಿಲ್ಲ, ಕಲ್ಲಿಲ್ಲ. ಬಯಲಲ್ಲಿ ಹೋದವರು ಹಗಲೆಲ್ಲ ಬಟ್ಟೆ ಹೊದ್ದು ಮಲಗಿದ್ದು, ಸಂಜೆಯಾದ ಮೇಲೆ ನಮ್ಮ ದೀಪ ನೋಡಿಕೊಂಡು ನಡೆಯಬೇಕು. ಕೆರೆ ಏರಿಯ ಮೇಲಿನ ಎತ್ತರದ ಅಟ್ಟದಲ್ಲಿರುವ ಆ ಲೇಸರ್ ದೀಪ ನನ್ನ ಪಾಲಿಗೆ ಬಂದಿತ್ತು. ದೀಪದ ಜೀವ ಎಳ್ಳಿಗಿಂತ ಚಿಕ್ಕದಾದ ಒಂದು ಹರಳು. ನಾವು ಅದನ್ನು ಕಾಳು ಅನ್ನುತ್ತಿದ್ದೆವು. ಕಾಳನ್ನು ತಾಮ್ರದ ಪೀಠದ ಮೇಲೆ ಕೂರಿಸಿ, ಕೂದಲಿನಂಥ ತಂತಿ ಎಳೆದು, ಗಾಜಿನ ಕಣ್ಣಿರುವ ಲೋಹದ ಟೋಪಿ ಮುಚ್ಚಿ, ಗಾಳಿ ತೇವ ಒಳಗೆ ಹೋಗದಂತೆ ಬೆಸೆಯುವುದು ನನ್ನ ಕೈಗೆ ಒಗ್ಗಿದ ವಿದ್ಯೆ. ಕಾಳಿಗೆ ಒಂದೇ ಶತ್ರು, ಅದರದೇ ಕಾವು. ಬೆಳಕು ಕೊಡುತ್ತ ಕೊಡುತ್ತ ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ. ಆದ್ದರಿಂದ ಪೀಠದ ಕೆಳಗೂ ಒಂದು ಪುಟ್ಟ ಬಿಲ್ಲೆ ಇರುತ್ತದೆ. ಅದಕ್ಕೆ ಕರೆಂಟು ಕೊಟ್ಟರೆ ಅದು ತಂಪು ಕೊಡುತ್ತದೆ. ಬೆಳಗುವುದಕ್ಕಿಂತ ತಣಿಯುವುದಕ್ಕೇ ದೀಪ ಹೆಚ್ಚು ಉಣ್ಣುತ್ತಿತ್ತು.

ಆ ವರ್ಷ ಊರೊಲೆ ತಣ್ಣಗಾಗತೊಡಗಿತು. ಮೊದಲು ಗೋಡೆಯ ಮೇಲೆ ಕೈ ಇಡಬಹುದಾಯಿತು. ಆಮೇಲೆ ಬೆಕ್ಕುಗಳು ಅದಕ್ಕೆ ಒರಗಿ ಮಲಗಿದವು. ಧರಣಪ್ಪ ದಿನವಿಡೀ ಸೀಳಿನೊಳಗೇ ಇರುತ್ತಿದ್ದರು. ಬಿಲ್ಲೆಗಳನ್ನು ಕಿತ್ತು ಇನ್ನೂ ಆಳಕ್ಕೆ ಇಳಿಸಿದರು. ಆಳದಲ್ಲೂ ಅಷ್ಟೇ ಇತ್ತು. ಊರಿನ ಯಜಮಾನರು ಪಾಯಪ್ಪನವರು ಮನೆಮನೆಗೆ ಬಂದು, ಕೈಮುಗಿದು, ಒಂದೊಂದೇ ಬೀದಿಯ ತಂತಿ ಕತ್ತರಿಸಿಕೊಂಡು ಹೋದರು. ಕಾಲಿಗೆ ಬಲವಿದ್ದವರು ದೀಪದ ಬೆಳಕಲ್ಲಿ ಬಯಲು ದಾಟಿ ಎಲ್ಲೆಲ್ಲಿಗೋ ಹೋದರು. ಉಳಿದವರು ನಾವು: ಮುದುಕರು, ಅವರನ್ನು ಬಿಟ್ಟು ಹೋಗಲಾರದವರು, ಬಯಲು ದಾಟಲಾರದ ಬಸುರಿಯರು. ಕೊನೆಗೆ ಕರೆಂಟು ಉಳಿದದ್ದು ಮೂರು ಕಡೆಗೆ ಮಾತ್ರ: ಗಂಜಿಮನೆ, ಬಾಣಂತಿಕೋಣೆ, ನನ್ನ ದೀಪ.

“ಬಯಲಿನ ಆಚೆ ಇನ್ನೊಂದು ಸೀಳಿದೆ ಅಂತ ನಮ್ಮಪ್ಪ ಹೇಳ್ತಿದ್ದ,” ಅಂದರು ಧರಣಪ್ಪ ಒಂದು ದಿನ ಊಟಕ್ಕೆ ಕೂತಾಗ.

“ನಿಮ್ಮಪ್ಪ ಮೀನು ಮಾತಾಡ್ತಾವೆ ಅಂತಲೂ ಹೇಳ್ತಿದ್ದ,” ಅಂದರು ನನ್ನ ಅತ್ತೆ ಜಿನ್ನವ್ವ. ಅವರು ಸೂಲಗಿತ್ತಿ. ಬಾಣಂತಿಕೋಣೆ ಅವರದೇ ರಾಜ್ಯ. ಮಗ ನಗಲಿ ಅಂತ ಹೇಳಿದ್ದು. ಧರಣಪ್ಪ ನಗಲಿಲ್ಲ. ಅತ್ತೆಮ್ಮ ತಮ್ಮ ತಟ್ಟೆಯಲ್ಲಿದ್ದ ಗಂಜಿಯನ್ನು ಮಗನ ತಟ್ಟೆಗೆ ಬಗ್ಗಿಸಿದರು.

ಧರಣಪ್ಪ ಆ ಸೀಳನ್ನು ಹುಡುಕಿಕೊಂಡು ಹೊರಟರು. ಜೊತೆಗೆ ಹೊರಟವನು ಬುಜಪ್ಪ, ಅವರ ಕೈಕೆಳಗೆ ಬಿಲ್ಲೆ ಕಲಿತ ಗಟ್ಟಿಯಾಳು, ನನ್ನನ್ನು ಅತ್ತಿಗೆ ಅಂತ ಕರೆಯುವವನು. ಹೊರಡುವಾಗ ಧರಣಪ್ಪ ಅಟ್ಟ ಹತ್ತಿ ಬಂದರು. ದೀಪ ತಿರುಗಿಸುವ ಹಿಡಿಕೆಗೆ ಎಣ್ಣೆ ಬಿಟ್ಟರು. ಆಮೇಲೆ ನನ್ನ ಕೈಗೆ ಒಸಿ ಎಣ್ಣೆ ಸವರಿ ಉಜ್ಜಿದರು.

“ನೀನು ತಿರುಗಿಸ್ತಾ ಇರು. ನಾನು ನೋಡ್ತಾ ಬರ್ತೀನಿ,” ಅಂದರು.

ಸಂಜೆಯಾಗುತ್ತಲೇ ನಾನು ಹಿಡಿಕೆ ಹಿಡಿಯುತ್ತಿದ್ದೆ. ಬೆಳಕಿನ ಗೆರೆ ಬಯಲಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿಯುತ್ತ ಹೋಗುತ್ತಿತ್ತು. ದೂರದಲ್ಲಿದ್ದವರಿಗೆ ಅದು ಆಗಾಗ ಕಣ್ಣು ಮಿಟುಕಿಸಿದಂತೆ ಕಾಣುತ್ತದೆ. ಎಲ್ಲೋ ಇಬ್ಬರ ಕಣ್ಣಿಗೆ ಇದು ಬೀಳುತ್ತಿದೆ ಅಂತ ಅಂದುಕೊಂಡರೆ ತೋಳಿಗೆ ನೋವೇ ಗೊತ್ತಾಗುತ್ತಿರಲಿಲ್ಲ.

ಅವರು ಹೋದ ಮೇಲೆ ಸಾವಂತ್ರಿ ಅನ್ನುವವಳಿಗೆ ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು. ಅವಳ ಗಂಡ ಹಿಂದಿನ ಮಳೆಗಾಲದಲ್ಲಿ ಎದೆನೋವಿನಿಂದ ತೀರಿಕೊಂಡಿದ್ದ. ಹುಟ್ಟಿದ್ದು ಗಂಡು. ಅತ್ತೆಮ್ಮ ಅದನ್ನು ಅಂಗೈಯಲ್ಲಿ ಮಲಗಿಸಿಕೊಂಡು ನನಗೆ ತೋರಿಸಿದರು. ಸಿಪ್ಪೆ ಸುಲಿದ ಹಣ್ಣಿನ ಹಾಗಿತ್ತು. ಅಳಲೂ ಶಕ್ತಿಯಿಲ್ಲದೆ ಬಾಯಿ ಮಾತ್ರ ತೆರೆಯುತ್ತಿತ್ತು. ಅದನ್ನು ಹತ್ತಿಯಲ್ಲಿ ಸುತ್ತಿ ಬಿಸಿಪೆಟ್ಟಿಗೆಯಲ್ಲಿಟ್ಟರು. ಆ ಪೆಟ್ಟಿಗೆಯ ತಳದಲ್ಲೂ ಧರಣಪ್ಪ ಕಟ್ಟಿದ ಬಿಲ್ಲೆಯೇ ಇತ್ತು, ಕರೆಂಟು ಕೊಟ್ಟರೆ ಮೇಲ್ಮುಖ ಬೆಚ್ಚಗಾಗುವ ಹಾಗೆ.

ಊರೊಲೆ ಇನ್ನಷ್ಟು ಇಳಿಯಿತು. ದೀಪ ಉರಿಯುವ ಹೊತ್ತಿಗೆ ಪೆಟ್ಟಿಗೆ ತಣಿಯುತ್ತಿತ್ತು. ಪೆಟ್ಟಿಗೆ ಕಾಯಿಸಿದರೆ ದೀಪ ಮಂಕಾಗುತ್ತಿತ್ತು. ಇದಕ್ಕೊಂದು ದಾರಿ ನನ್ನ ತಲೆಯಲ್ಲಿ ಮೊದಲಿಂದಲೂ ಇತ್ತು. ಕಾಳಿನ ಕಾವೆಲ್ಲ ಹುಟ್ಟುವುದು ಅದರ ಮೇಲ್ಪದರದಲ್ಲಿ. ಆ ಕಾವು ಇಡೀ ಹರಳನ್ನು ದಾಟಿ ಪೀಠಕ್ಕೆ ಇಳಿಯಬೇಕು. ಕಾಳನ್ನೇ ಮಗುಚಿ ಕೂರಿಸಿದರೆ? ಬಿಸಿಯ ಕಡೆ ನೇರವಾಗಿ ತಾಮ್ರಕ್ಕೆ ತಾಗುತ್ತದೆ. ಪೀಠಕ್ಕೆ ತಾಮ್ರದ ಉದ್ದ ಬಾಲ ಬೆಸೆದು ಅಟ್ಟದ ಹೊರಗೆ ಗಾಳಿಗೆ ಬಿಟ್ಟರೆ ತಂಪಿನ ಬಿಲ್ಲೆಯೇ ಬೇಡ. ಹಿಂದೊಮ್ಮೆ ಹೇಳಿದಾಗ ಧರಣಪ್ಪ ಒಪ್ಪಿರಲಿಲ್ಲ. “ಬೆಸುಗೆ ಅಂಚು ಹತ್ತಿ ಕಾಳಿನಿಂದ ಬೆಳಕು ಬರೋ ಬಾಯನ್ನೇ ಮುಚ್ಚಿಬಿಡುತ್ತೆ ಕಣೇ,” ಅಂದಿದ್ದರು. ಈಗ ಕೇಳಲು ಅವರಿರಲಿಲ್ಲ. ಹಗಲಲ್ಲಿ ಕೂತು ಕೈಯಲ್ಲಿದ್ದ ಕಾಳುಗಳ ಮೇಲೆ ಪ್ರಯತ್ನ ಮಾಡಿದೆ. ಅವರು ಹೇಳಿದ ಹಾಗೇ ಒಂದೊಂದಾಗಿ ಹಾಳಾದವು. ಕೊನೆಯ ಕಾಳಿಗೆ ಬೆಸುಗೆಯನ್ನು ಉಗುರಿನ ಪೊರೆಯಷ್ಟು ತೆಳುವಾಗಿ ಸವರಿ, ಉಸಿರು ಬಿಗಿಹಿಡಿದು ಕೂರಿಸಿದೆ. ಕೂತಿತು.

ಆದರೆ ಟೋಪಿ ಬೆಸೆಯುವುದಕ್ಕೆ ಒಮ್ಮೆಲೇ ಜೋರು ಕರೆಂಟು ಬೇಕು. ಅದನ್ನು ಎಲ್ಲಿಂದ ತರಲಿ? ಅರಗು ಬಿಸಿನೀರಲ್ಲಿ ಮೆತ್ತಗೆ ಮಾಡಿ ಟೋಪಿಯ ಸುತ್ತ ಒತ್ತಿದೆ. ಆ ಸಂಜೆ ದೀಪ ಹಚ್ಚಿದಾಗ ಅದು ಚೂರೇ ಚೂರು ಕರೆಂಟಲ್ಲಿ ಹಳೆಯದಕ್ಕಿಂತ ಚೊಕ್ಕವಾಗಿ ಬೆಳಗಿತು. ಬಾಣಂತಿಕೋಣೆಯ ಪೆಟ್ಟಿಗೆ ಬೆಚ್ಚಗೇ ಇತ್ತು. ಪಾಯಪ್ಪನವರು ಆ ವಯಸ್ಸಲ್ಲಿ ಅಟ್ಟ ಹತ್ತಿ ಬಂದು ನನ್ನ ಬದಲಿಗೆ ಒಂದಷ್ಟು ಹೊತ್ತು ಹಿಡಿಕೆ ತಿರುಗಿಸಿದರು. ಅತ್ತೆಮ್ಮ ಕೆಳಗಿನಿಂದ ಕೂಗಿದರು, “ದೇಮೀ, ಕೂಸು ಹಾಲು ಚೀಪ್ತಿದೆ ಕಣೇ!” ಆ ವರ್ಷದಲ್ಲಿ ನಾನು ನಕ್ಕಿದ್ದು ಅದೊಂದು ಸಂಜೆ.

ನಾಲ್ಕಾರು ದಿನ ಹಾಗೇ ನಡೆಯಿತು. ಆಮೇಲೆ ಬೆಳಕಿನ ಗೆರೆಗೆ ಮಸುಕು ಬಂತು. ಬಿಚ್ಚಿ ನೋಡಿದರೆ ಗಾಜಿನ ಕಣ್ಣಿನ ಒಳಗಡೆ ಹಾಲಿನ ಪೊರೆ. ಬಯಲಿನ ಉಪ್ಪುತೇವ ಅರಗನ್ನು ದಾಟಿ ಒಳಗೆ ಹೋಗಿತ್ತು. ಒರೆಸಿದೆ, ಒಣಗಿಸಿದೆ, ಮತ್ತೆ ಮುಚ್ಚಿದೆ. ಹಚ್ಚಿದ ಕೂಡಲೇ ಕಾಳು ಒಮ್ಮೆ ಕೆಂಪಗೆ ಮಿನುಗಿ ಸತ್ತಿತು. ಉಳಿದಿದ್ದು ಹಳೆಯ ದೀಪ ಒಂದೇ, ತಂಪಿಗಾಗಿ ಬಾಯಿಬಿಡುವ ಅದೇ ದೀಪ. ಅದನ್ನೇ ಮತ್ತೆ ಹಚ್ಚಿದೆ. ಬೇರೆ ಏನು ಮಾಡಲಿ? ನೀನು ತಿರುಗಿಸ್ತಾ ಇರು ಅಂದು ಹೋಗಿದ್ದರು.

ಮಾರನೆಯ ಮಧ್ಯಾಹ್ನ ಅತ್ತೆಮ್ಮ ಅಟ್ಟ ಹತ್ತಿ ಬಂದರು. ಮೊಣಕಾಲು ನೋವಿನವರು, ಎಂದೂ ಹತ್ತಿದವರಲ್ಲ. ಏದುಸಿರು ಇಳಿಯುವ ತನಕ ಗೋಡೆ ಹಿಡಿದು ನಿಂತರು.

“ದೀಪ ಆರಿಸು ದೇಮಿ.”

“ಅತ್ತೆಮ್ಮಾ, ಅವರು ಬಯಲಲ್ಲಿದ್ದಾರೆ.”

“ಗೊತ್ತು.”

“ನಿಮ್ಮ ಮಗ ಅವರು.”

“ನಾನೇ ಹೆತ್ತಿದ್ದು, ನೀನು ಹೇಳಿಕೊಡಬೇಡ. ಅವನಿಗೆ ಕಾಲಿದೆ. ಆ ಕೂಸಿಗೆ ಇನ್ನೂ ಉಗುರೇ ಮೂಡಿಲ್ಲ. ನಿನ್ನೆ ಸಂಜೆ ನೀಲಿಗಟ್ಟಿಬಿಟ್ಟಿತ್ತು. ಸಾವಂತ್ರಿ ಎದೆ ಮೇಲೆ ಹಾಕ್ಕೊಂಡು ಉಜ್ಜಿದಳು, ನಾನೂ ಉಜ್ಜಿದೆ. ಅವಳ ಮೈಯಲ್ಲೇ ಕಾವಿಲ್ಲ. ಇವತ್ತು ಇನ್ನೊಂದು ಸಲ ಹಾಗಾದರೆ ಉಳಿಯಲ್ಲ.”

“ಗಂಜಿಮನೆ ನಿಲ್ಲಿಸಿ.”

“ನಿಲ್ಲಿಸಿದರೆ ಅವಳಿಗೆ ಹಾಲು ಎಲ್ಲಿಂದ ಬರುತ್ತೆ? ಮುದುಕರೆಲ್ಲ ಎಷ್ಟು ದಿನ ನೆನೆಸಿದ ಅಕ್ಕಿ ತಿಂತಾರೆ?”

ನನಗೆ ಸಿಟ್ಟು ಬಂತು. ಅವರ ಮುಖ ಅಷ್ಟು ಗಟ್ಟಿಯಾಗಿದ್ದುದಕ್ಕೆ ಬಂತು. “ಹಾಗಾದರೆ ನೀವೇ ಆರಿಸಿ,” ಅಂದೆ.

“ಎಲ್ಲಿ ಕೀಳಬೇಕು ನಂಗೊತ್ತಿಲ್ಲ. ತೋರಿಸು, ಕೀಳ್ತೀನಿ.”

ನಾನು ತೋರಿಸಿದೆ. ಅವರು ತಂತಿ ಹಿಡಿದರು. ಎಳೆದರು, ಬರಲಿಲ್ಲ. ಎಷ್ಟೋ ಮಕ್ಕಳನ್ನು ಈ ಲೋಕಕ್ಕೆ ಎಳೆದುಕೊಂಡ ಕೈ ಅದು. ಕೊನೆಗೆ ನನ್ನ ಕೈಯನ್ನೂ ಅವರ ಕೈ ಮೇಲಿಟ್ಟು ಎಳೆದೆ. ಅತ್ತೆಮ್ಮ ತಂತಿಯ ತುದಿಯನ್ನು ನೆಲದ ಮೇಲೆ ಮೆಲ್ಲಗೆ ಇಟ್ಟು, ಸೆರಗಿನಿಂದ ಅಂಗೈ ಒರೆಸಿಕೊಂಡು, ಕೂತೇ ಮೆಟ್ಟಿಲಿಳಿದು ಹೋದರು.

ದೀಪವಿಲ್ಲದ ಸಂಜೆಗಳಲ್ಲಿ ನಾನು ಅಟ್ಟದ ಮೇಲೆ ಜಾಗಟೆ ಬಾರಿಸಿದೆ. ಊರಿನವರು ಪಾಳಿ ಮಾಡಿಕೊಂಡು ಬಂದು ಬಾರಿಸಿದರು. ಹಲ್ಲಿಲ್ಲದ ಮುದುಕರು ಏರಿಯ ಮೇಲೆ ಸಾಲಾಗಿ ನಿಂತು “ಧರಣಪ್ಪೋ, ಬುಜಪ್ಪೋ” ಅಂತ ಕೂಗಿದರು. ಉಪ್ಪುಬಯಲು ಸದ್ದು ನುಂಗುತ್ತದೆ. ಹತ್ತಿರದ ಕೂಗೇ ಹತ್ತಿಯಲ್ಲಿ ಸುತ್ತಿದ ಹಾಗೆ ಕೇಳುತ್ತಿತ್ತು. ಆದರೂ ಕೂಗಿದರು. ಕೋಣೆಯಲ್ಲಿ ಕೂಸು ಬೆಚ್ಚಗಿತ್ತು. ಮೊದಲು ಬಣ್ಣ ಬಂತು, ಆಮೇಲೆ ಅಳು ಬಂತು. ಆ ಅಳು ಬೀದಿಗೆ ಕೇಳಿದಾಗ ಜನ ನಿಂತು ಕಿವಿಗೊಡುತ್ತಿದ್ದರು. ನಾನು ಮಾತ್ರ ನಿಲ್ಲದೆ ನಡೆದುಬಿಡುತ್ತಿದ್ದೆ.

ಒಂದು ನಡುಹಗಲು ಬುಜಪ್ಪ ಬಂದ. ಏರಿಯ ಕೆಳಗೆ ತೆವಳುತ್ತಿದ್ದವನನ್ನು ನೀರಿಗೆ ಹೋದವರು ಕಂಡು ಎತ್ತಿಕೊಂಡು ಬಂದರು. ತುಟಿ ಒಡೆದು ಉಪ್ಪು ಕೂತಿತ್ತು. ಕಣ್ಣು ಅರ್ಧ ಕಾಣುತ್ತಿರಲಿಲ್ಲ. ಅತ್ತೆಮ್ಮ ಬಾಣಂತಿಕೋಣೆಯಲ್ಲಿದ್ದರು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಹನಿಸಿದವಳು ನಾನು.

“ಆಚೆ ಏನೂ ಇಲ್ಲ ಅತ್ತಿಗೆ. ಸೀಳಿದೆ. ಒಳಗೆ ಕೈಯಿಟ್ಟರೆ ಹೆಣದ ಹಾಗೆ ತಣ್ಣಗಿದೆ.”

“ಅವರೆಲ್ಲಿ?”

“ವಾಪಸು ಬರುವಾಗ ದೀಪ ಕಾಣ್ತಿತ್ತು. ಒಂದು ಸಂಜೆಯಿಂದ ಏನು ಚೊಕ್ಕ ಆಗಿಬಿಡ್ತು ಅಂತೀರಿ! ಧರಣಣ್ಣ ಕುಣಿದುಬಿಟ್ರು. ‘ಮಗುಚಿ ಹಾಕಿದಾಳೆ ಕಣೋ ಬುಜ, ನಾನು ಬೇಡ ಅಂದಿದ್ದೆ, ಗೆದ್ದುಬಿಟ್ಟಳು’ ಅಂತ ಹೇಳಿದ್ದೇ ಹೇಳಿದ್ದು.” ಅವನು ಉಸಿರೆಳೆದುಕೊಂಡ. “ಆಮೇಲೆ ಮಂಕಾಯ್ತು. ಆಮೇಲೆ ಇಲ್ಲ.”

ನಾನು ನೀರಿನ ಬಟ್ಟಲು ಕೆಳಗಿಟ್ಟೆ.

“ಅಂದಾಜಿನ ಮೇಲೆ ನಡೆಯೋಣ ಅಂದೆ. ಅಣ್ಣ ಕೂತುಬಿಟ್ರು. ‘ದೇಮಿ ಇದಾಳೆ ಅಲ್ಲಿ. ಏನೋ ಸರಿ ಮಾಡ್ತಿರ್ತಾಳೆ. ಈಗ ಹತ್ತುತ್ತೆ. ದಿಕ್ಕು ತಪ್ಪಿ ನಡೆಯೋದಕ್ಕಿಂತ ಕೂತು ಕಾಯೋದು ಮೇಲು’ ಅಂದ್ರು. ಮಾರನೇ ದಿನವೂ ಅದೇ ಮಾತು. ನೀರು ಮುಗೀತಾ ಬಂತು ಅತ್ತಿಗೆ. ಇದ್ದಷ್ಟರಲ್ಲಿ ಅರ್ಧ ನಂಗೆ ಕೊಟ್ಟು, ‘ನೀನು ಹೋಗು, ತಲುಪಿದರೆ ನಾನು ಇಲ್ಲೇ ಕೂತಿದೀನಿ ಅಂತ ಹೇಳು’ ಅಂದ್ರು.”

ಪಾಯಪ್ಪನವರಿಗೆ ನಾನು ಏನೂ ಹೇಳಬೇಕಾಗಲಿಲ್ಲ. ಅವರೇ ಗಂಜಿಮನೆಗೆ ಹೋಗಿ ತಂತಿ ಬಿಚ್ಚಿದರು. ಆ ದಿನ ಊರಿನಲ್ಲಿ ಯಾರೂ ಬೇಯಿಸಿದ್ದು ತಿನ್ನಲಿಲ್ಲ. ಅಷ್ಟೂ ಸಾಲದೆ ದೀಪ ಬರೀ ಮಿಣುಕುತ್ತಿತ್ತು. ಆಗ ಸಾವಂತ್ರಿ ತಾನಾಗಿ ಪೆಟ್ಟಿಗೆಯಿಂದ ಕೂಸನ್ನು ತೆಗೆದು ಕುಪ್ಪಸದೊಳಗೆ ಎದೆಗೆ ಕಟ್ಟಿಕೊಂಡಳು. ಅದರ ಮೈ ಈಗ ಅಷ್ಟಿಷ್ಟು ತುಂಬಿತ್ತು. ಅವಳ ಸುತ್ತ ಹೆಂಗಸರು ಒತ್ತೊತ್ತಾಗಿ ಕೂತು, ಊರಲ್ಲಿದ್ದ ಕಂಬಳಿಗಳನ್ನೆಲ್ಲ ಹೊದ್ದರು. “ಹಚ್ಚಕ್ಕಾ,” ಅಂತ ಅವಳು ಒಳಗಿನಿಂದ ಕೂಗಿದ್ದು ನನಗೆ ಕೇಳಿಸಿತು.

ದೀಪ ಬೆಳಗಿತು. ಬುಜಪ್ಪ ಕೈಚಾಚಿ ಹೇಳಿದ ದಿಕ್ಕಿಗೆ ಹಿಡಿದೆ. ತಿರುಗಿಸಿದೆ, ಮತ್ತೆ ಅಲ್ಲಿಗೇ ತಂದೆ. ಅತ್ತೆಮ್ಮ ಏರಿಯ ಮೇಲೆ ನಿಂತು ಬಯಲನ್ನೇ ನೋಡುತ್ತಿದ್ದರು. ಯಾರೂ ಅವರ ಪಕ್ಕ ನಿಲ್ಲಲಿಲ್ಲ, ಧೈರ್ಯ ಬರಲಿಲ್ಲ. ಕತ್ತಲು ಗಟ್ಟಿಯಾಗುವ ಹೊತ್ತಿಗೆ ಪೀಠದ ಕೆಳಗಿನ ಬಿಲ್ಲೆ ಸೋತಿತು. ತಾಮ್ರ ಕೈಸುಡುವಷ್ಟು ಕಾದಿತ್ತು. ಒದ್ದೆ ಬಟ್ಟೆ ಸುತ್ತಿದೆ, ಬಾಯಿಂದ ಊದಿದೆ. ಊರೆಲ್ಲ ಕಾವಿಲ್ಲದೆ ನಡುಗುತ್ತಿದ್ದಾಗ ಅದೊಂದು ಕಾಳು ಕಾವು ಹೆಚ್ಚಾಗಿ ಸತ್ತಿತು.

ಬೆಳಕು ಹರಿಯುತ್ತಲೇ ಬುಜಪ್ಪನನ್ನು ಡೋಲಿಯಲ್ಲಿ ಹೊತ್ತು ಹೊರಟೆವು. ಅವನು ತೆವಳಿ ಬಂದ ಗುರುತು ಉಪ್ಪಿನ ಮೇಲೆ ಇನ್ನೂ ಇತ್ತು. ಅದನ್ನೇ ಹಿಡಿದು ಹೋದೆವು. ನಡುವೆ ಒಂದು ಇರುಳು ಬಯಲಲ್ಲೇ ಕಳೆದೆವು. ಧರಣಪ್ಪ ಕೂತಿದ್ದ ಜಾಗ ಸಿಕ್ಕಿತು. ಉಪ್ಪು ತಗ್ಗಾಗಿತ್ತು. ನೀರಿನ ಖಾಲಿ ಸೋರೆಬುರುಡೆ ಪಕ್ಕದಲ್ಲಿತ್ತು. ಕೂತ ಗುರುತು ಊರ ಕಡೆಗೇ ಮುಖ ಮಾಡಿತ್ತು. ಅಲ್ಲಿಂದ ಎದ್ದ ಹೆಜ್ಜೆಗಳು ಮಾತ್ರ ಊರಿಗೆ ಬಂದಿರಲಿಲ್ಲ. ಪಡುವಣಕ್ಕೆ ಹೋಗಿದ್ದವು. ನೆಟ್ಟಗೆ, ಎಲ್ಲೂ ತಡವರಿಸದೆ, ಮನೆಗೆ ಹೋಗುವವರು ನಡೆದ ಹಾಗೆ ಹೋಗಿದ್ದವು.

“ಅತ್ತ ಏನಿದೆ?” ಅಂತ ಕೇಳಿದೆ.

ಬುಜಪ್ಪ ಡೋಲಿಯಿಂದ ತಲೆಯೆತ್ತಿ ಪಡುವಣಕ್ಕೆ ನೋಡಿದ. ಆಮೇಲೆ ಹೇಳಿದ, “ಸಂಜೆ ಹೊತ್ತು ಆ ಕಡೆ ಬೆಳ್ಳಿಚುಕ್ಕಿ ಇರುತ್ತೆ ಅತ್ತಿಗೆ. ಬಹಳ ತಗ್ಗಿನಲ್ಲಿ. ಮಿಟುಕಿಸ್ತಾ.”

ಹೆಜ್ಜೆಗಳ ಹಿಂದೆ ನಡೆದೆವು. ಉಪ್ಪಿನ ಪದರ ತೆಳುವಾಗಿ ಕೆಳಗಿನ ಕೆಸರು ಮೇಲೆದ್ದ ಕಡೆ ಅವು ನಿಂತವು. ಅದರಾಚೆ ಬರೀ ನೀರು ಹೊಳೆಯುತ್ತಿತ್ತು. ನಾನು ಇಳಿಯಲು ಹೋದೆ. ಡೋಲಿ ಹೊತ್ತವರು ಹಿಡಿದು ಎಳೆದುಕೊಂಡರು.

ಮನೆಗೆ ಬಂದು ಅತ್ತೆಮ್ಮನಿಗೆ ಎಲ್ಲವನ್ನೂ ಹೇಳಿದೆ. ಮುಚ್ಚಿಡುವಷ್ಟು ಕರುಣೆ ನನ್ನಲ್ಲಿ ಉಳಿದಿರಲಿಲ್ಲ. ಧರಣಪ್ಪ ನಮ್ಮ ದೀಪ ಹತ್ತುತ್ತದೆ ಅಂತ ಕೂತಿದ್ದುದನ್ನೂ ಹೇಳಿದೆ, ಚುಕ್ಕಿಯನ್ನು ನಾನು ಅಂತ ತಿಳಿದದ್ದನ್ನೂ ಹೇಳಿದೆ. ಅವರು ಕೇಳಿಸಿಕೊಂಡರು. ಎದ್ದು ನೀರು ಕುಡಿದರು. “ಸಾವಂತ್ರಿಗೆ ಎಣ್ಣೆ ಹಚ್ಚಬೇಕು,” ಅಂದು ಹೋದರು. ಅಂದಿನಿಂದ ನಾವಿಬ್ಬರೂ ಒಂದೇ ಮನೆಯಲ್ಲಿ, ಒಂದೇ ಕಂಬಳಿಯಲ್ಲಿ ಮಲಗುತ್ತಿದ್ದೆವು, ಯಾಕೆಂದರೆ ಚಳಿ ಹಾಗಿತ್ತು. ಅವರಿಗೆ ನಿದ್ದೆ ಬಂದಿಲ್ಲ ಅನ್ನುವುದು ನನಗೆ ಗೊತ್ತಾಗುತ್ತಿತ್ತು. ನನಗೆ ನಿದ್ದೆ ಬಂದಿಲ್ಲ ಅನ್ನುವುದು ಅವರಿಗೂ.

ಚಳಿ ಒಂದಿಷ್ಟು ಇಳಿದ ಮೇಲೆ ಸಾವಂತ್ರಿ ಕೂಸಿಗೆ ಹೆಸರಿಡಬೇಕು ಅಂದಳು. ಕರೆಯಲು ಅಂಥ ಜನವೇನೂ ಉಳಿದಿರಲಿಲ್ಲ. ಪಾಯಪ್ಪನವರು ಬಂದರು, ಕೋಲೂರಿಕೊಂಡು ಬುಜಪ್ಪ ಬಂದ. ನಾನು ಬಾಗಿಲಲ್ಲೇ ನಿಂತಿದ್ದೆ. ಅತ್ತೆಮ್ಮ ಕೂಸಿಗೆ ಮೈ ಒರೆಸಿ, ಬಟ್ಟೆ ಸುತ್ತಿ, ತಾಯಿಯ ಮಡಿಲಿಗೆ ಕೊಟ್ಟರು. ಅದು ಅವರ ಬೆರಳನ್ನು ಹಿಡಿದುಕೊಂಡಿತ್ತು.

ಸಾವಂತ್ರಿ ನನ್ನ ಕಡೆ ನೋಡಿ, ಆಮೇಲೆ ಅವರ ಕಡೆ ನೋಡಿ, ಮೆಲ್ಲಗೆ ಕೇಳಿದಳು. “ಜಿನ್ನವ್ವಾರೇ, ನೀವು ಒಪ್ಪಿದರೆ ಧರಣ ಅಂತ ಕರೆಯೋಣ ಅಂತಿದೀನಿ. ಅವರಿಂದ ತಾನೇ ಇವನು ಉಳಿದಿದ್ದು.”

ಅತ್ತೆಮ್ಮ ಕೂಸಿನ ಮುಷ್ಟಿಯಿಂದ ತಮ್ಮ ಬೆರಳನ್ನು ನಿಧಾನವಾಗಿ ಬಿಡಿಸಿಕೊಂಡರು.

“ಆ ಹೆಸರು ಬೇಡವ್ವ,” ಅಂದರು. “ಆ ಹೆಸರಿನವನು ಇನ್ನೂ ದಾರೀಲಿದಾನೆ.”

ಸಾವಂತ್ರಿ ಬೇರೆ ಹೆಸರು ಯೋಚಿಸಿರಲಿಲ್ಲ. ಕೂಸನ್ನು ತಿರುಗಿ ಎದೆಗೆ ಒತ್ತಿಕೊಂಡಳು. ಆ ದಿನ ಅದಕ್ಕೆ ಹೆಸರಿಡಲಿಲ್ಲ.